ಕಮ್ಯುನಿಸಂ ವಿರೋಧಿ ಸಿನಿಮಾ, ಪುಸ್ತಕ, ಹಾಡು: ಬಿಡಿಸಿ ನೋಡುವ ಕ್ರಮ

'ಅನಿಮಲ್ ಫಾರ್ಮ್' ಕಮ್ಯುನಿಸಂ ವಿರೋಧಿ ಕೃತಿಯೇ ಎಂದು ಯಾರಾದರೂ ಕೇಳಿದರೆ, ಯಾವ 'ಅನಿಮಲ್ ಫಾರ್ಮ್' ಎಂದು ಮೊದಲು ತಿರುಗಿ ಕೇಳಬೇಕು. ಜಾರ್ಜ್ ಆರ್ವೆಲ್ 1945ರಲ್ಲಿ ಹೊರತಂದ ಪುಸ್ತಕದ ಕೊನೆಯಲ್ಲಿ ಪ್ರಾಣಿಗಳು ಕಿಟಕಿಯಾಚೆ ನಿಂತು ಒಳಗೆ ಇಣುಕುತ್ತವೆ. ಹಂದಿಗಳೂ ಸುತ್ತಲಿನ ತೋಟಗಳ ಮನುಷ್ಯ ಮಾಲೀಕರೂ ಒಂದೇ ಮೇಜಿಗೆ ಕೂತು ಇಸ್ಪೀಟಾಡುತ್ತಿದ್ದಾರೆ. ಯಾರು ಹಂದಿ, ಯಾರು ಮನುಷ್ಯ ಎಂದು ಗುರುತೇ ಹತ್ತುವುದಿಲ್ಲ. ಹೊಸ ಒಡೆಯರು ಹಳೆಯ ಒಡೆಯರಂತೆಯೇ ಆಗಿಬಿಟ್ಟರು ಎಂಬುದು ಅಲ್ಲಿನ ದೂರು. ಹಳೆಯ ಒಡೆಯರಿಗೆ ಯಾವ ರಿಯಾಯಿತಿಯೂ ಇಲ್ಲ. 1954ರ ಬ್ರಿಟಿಷ್ ಅನಿಮೇಷನ್ ಚಿತ್ರದಲ್ಲಿ ಆ ಮೇಜಿನಿಂದ ಮನುಷ್ಯರನ್ನೇ ಎಬ್ಬಿಸಿ ಕಳಿಸಲಾಗಿದೆ. ಕೂತಿರುವುದು ಬರೀ ಹಂದಿಗಳು. ಕೊನೆಗೆ ಮಿಕ್ಕ ಪ್ರಾಣಿಗಳೆಲ್ಲ ಒಟ್ಟಾಗಿ ನುಗ್ಗಿ ಅವುಗಳನ್ನು ಮುಗಿಸುತ್ತವೆ. ಈ ಚಿತ್ರಕ್ಕೆ ಗುಟ್ಟಾಗಿ ಹಣ ಹಾಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಹೆಸರು ಅದೇ, ಕತೆಯೂ ಹೆಚ್ಚುಕಡಿಮೆ ಅದೇ, ಏಟು ಬೀಳುವ ಜಾಗ ಮಾತ್ರ ಬೇರೆ.

ಸಿನಿಮಾ, ಪುಸ್ತಕ, ಹಾಡುಗಳ ಬಗ್ಗೆ ಬರೆಯುವವರು, ಚಿತ್ರಸಮಾಜಗಳಲ್ಲಿ ಚರ್ಚೆ ನಡೆಸುವವರು, ಕಾಲೇಜಿನ ಪ್ರಬಂಧಕ್ಕೆ ಕೂತವರು ಇಂಥ ಕೃತಿಗಳನ್ನು ಹೇಗೆ ನೋಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಕೆಲಸದ ಮಟ್ಟದಲ್ಲಿ ಹೇಳುವುದು ಇಲ್ಲಿನ ಉದ್ದೇಶ. ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಬೇಕಾದಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗಬಹುದಾದ ಪ್ರತಿ, ಮತ್ತು 100 ನಿಮಿಷದ ಸಿನಿಮಾಕ್ಕೆ ಕನಿಷ್ಠ ಐದು ಗಂಟೆ ಬಿಡುವು.

ಕೈಯಲ್ಲಿರುವುದು ಯಾವ ಪ್ರತಿ?

ಮೊದಲ ಕೆಲಸ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಪ್ರತಿಯ ಒಟ್ಟು ಅವಧಿ, ಧ್ವನಿಯ ಭಾಷೆ (ಮೂಲವೋ ಡಬ್ಬಿಂಗೋ), ಸಬ್‌ಟೈಟಲ್‌ನ ಭಾಷೆ, ಕೊನೆಯ ದೃಶ್ಯ. ಪುಸ್ತಕವಾದರೆ ಮುದ್ರಣದ ವರ್ಷ ಮತ್ತು ಅನುವಾದಕರ ಹೆಸರು.

ಅವಧಿ ಕಡಿಮೆ ಕಂಡ ಕೂಡಲೇ ಸೆನ್ಸಾರ್ ಕತ್ತರಿ ಆಡಿದೆ ಎಂದು ಹಾರಿ ಬೀಳಬೇಡಿ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರಿಸಿದ ಸಿನಿಮಾವನ್ನು ಯುರೋಪಿನ ಹಳೆಯ ಟಿವಿ ಮತ್ತು ಡಿವಿಡಿ ಪದ್ಧತಿಯಲ್ಲಿ 25ರ ವೇಗದಲ್ಲಿ ಓಡಿಸುತ್ತಿದ್ದರು. 100 ನಿಮಿಷದ್ದು 96ಕ್ಕೆ ಮುಗಿಯುತ್ತದೆ, ಒಂದು ಚೌಕಟ್ಟೂ ಕತ್ತರಿಸಿರುವುದಿಲ್ಲ. ಶೇಕಡ 4ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆಗ ಹುಡುಕಲು ಹೊರಡಿ.

ಡಬ್ಬಿಂಗ್ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶನದ 'ಪಿಕಪ್ ಆನ್ ಸೌತ್ ಸ್ಟ್ರೀಟ್' (1953) ನೋಡಬೇಕು. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಜೇಬುಗಳ್ಳನೊಬ್ಬ ಹುಡುಗಿಯ ಪರ್ಸ್ ಹಾರಿಸುತ್ತಾನೆ. ಅದರೊಳಗೆ ಕಮ್ಯುನಿಸ್ಟ್ ಗೂಢಚಾರರಿಗೆ ತಲುಪಬೇಕಾದ ಮೈಕ್ರೋಫಿಲ್ಮ್ ಇರುತ್ತದೆ. ಫ್ರಾನ್ಸಿನಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ಆಗ ದೊಡ್ಡ ಬೆಂಬಲವಿತ್ತು. ಅಲ್ಲಿಯ ಡಬ್ಬಿಂಗಿನಲ್ಲಿ ಗೂಢಚಾರರು ಹೋಗಿ ಮಾದಕವಸ್ತು ದಂಧೆಯವರು ಬಂದರು, ಹೆಸರನ್ನೂ ಅದಕ್ಕೆ ತಕ್ಕಂತೆ ಬದಲಿಸಿದರು. ದೃಶ್ಯಗಳು ಹಾಗೇ ಉಳಿದವು, ಕತೆಯೂ ಕುಂಟದೆ ನಡೆಯಿತು. ಅದು ಕುಂಟದೆ ನಡೆದದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಸ್ತಕದಿಂದ ತೆರೆಗೆ ಬರುವಾಗಲೂ ಇಂಥದ್ದು ಆಗುತ್ತದೆ. ಇಯಾನ್ ಫ್ಲೆಮಿಂಗ್‌ನ 1957ರ 'ಫ್ರಂ ರಷ್ಯಾ ವಿತ್ ಲವ್' ಕಾದಂಬರಿಯಲ್ಲಿ ಜೇಮ್ಸ್ ಬಾಂಡ್‌ನನ್ನು ಕೊಲ್ಲಲು ಸಂಚು ಹೂಡುವುದು ಸೋವಿಯತ್ ಸಂಸ್ಥೆ 'ಸ್ಮೆರ್ಶ್'. 1963ರ ಚಿತ್ರದಲ್ಲಿ ಸಂಚುಗಾರರು ಯಾವ ದೇಶಕ್ಕೂ ಸೇರದ 'ಸ್ಪೆಕ್ಟರ್'. ಅವರು ಎರಡೂ ಬಣಗಳನ್ನು ಎತ್ತಿಕಟ್ಟಿ ಲಾಭ ಹೊಡೆಯುವವರು. ಸಿನಿಮಾ ನೋಡಿ ಪುಸ್ತಕದ ಬಗ್ಗೆ, ಪುಸ್ತಕ ಓದಿ ಸಿನಿಮಾದ ಬಗ್ಗೆ ತೀರ್ಪು ಕೊಡುವವರಿಗೆ ಈ ಒಂದು ಉದಾಹರಣೆ ಸಾಕು.

ವಿರೋಧ ಯಾವುದಕ್ಕೆ?

ಕಮ್ಯುನಿಸಂ ವಿರೋಧಿ ಎಂಬ ಒಂದೇ ಚೀಟಿಯನ್ನು ಎಲ್ಲದಕ್ಕೂ ಅಂಟಿಸಿದರೆ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಗುರಿಗಳು ಕನಿಷ್ಠ ಐದು. ಆಸ್ತಿ ಎಲ್ಲರದ್ದಾಗಬೇಕೆಂಬ ಸಿದ್ಧಾಂತವನ್ನೇ ತಿರಸ್ಕರಿಸುವುದು ಒಂದು. ಅಮೆರಿಕದ ಲೇಖಕಿ ಐನ್ ರ್‍ಯಾಂಡ್ ಬರೆದದ್ದು ಇದನ್ನು. ಸ್ಟಾಲಿನ್ ಕಾಲದ ಆಳ್ವಿಕೆ, ಅಂದರೆ ಬಂಧನ, ಸುಳ್ಳು ತಪ್ಪೊಪ್ಪಿಗೆ, ಕೈದಿಗಳನ್ನು ದುಡಿಸುವ ಶಿಬಿರ, ಎರಡನೆಯದು. ಆರ್ಥರ್ ಕೋಸ್ಲರ್‌ನ 'ಡಾರ್ಕ್‌ನೆಸ್ ಅಟ್ ನೂನ್' (1940) ಈ ಸಾಲಿನದು. ಸೋವಿಯತ್ ಒಕ್ಕೂಟ ಬರೀ ಶತ್ರು ದೇಶವಾಗಿ ಕಾಣುವುದು ಮೂರನೆಯದು. 1980ರ ದಶಕದ ಹಾಲಿವುಡ್ ಸಾಹಸ ಚಿತ್ರಗಳು ಹೆಚ್ಚಾಗಿ ಇಲ್ಲೇ ನಿಲ್ಲುತ್ತವೆ. ಪಕ್ಕದ ಮನೆಯಲ್ಲಿ, ತನ್ನದೇ ಮನೆಯಲ್ಲಿ ಅಡಗಿರುವ ಕಮ್ಯುನಿಸ್ಟನ ಭಯ ನಾಲ್ಕನೆಯದು. ಐದನೆಯದು ಕ್ಯೂ, ಅರ್ಜಿ, ಮಾಹಿತಿದಾರ, ಸಭೆ, ನಿರ್ಣಯಗಳ ದಿನನಿತ್ಯದ ಜೀವನವನ್ನು ಲೇವಡಿ ಮಾಡುವುದು. ಇದರಲ್ಲಿ ಪಳಗಿದವರು ಪೂರ್ವ ಯುರೋಪಿನ ಒಳಗಿದ್ದವರೇ. ಮಿಲೋಸ್ ಫೋರ್ಮನ್‌ನ 'ದ ಫೈರ್‌ಮೆನ್ಸ್ ಬಾಲ್' (1967) ಮತ್ತು ಪೀಟರ್ ಬಾಚೋನ ಹಂಗೇರಿಯನ್ ಚಿತ್ರ 'ದ ವಿಟ್‌ನೆಸ್' (1969) ನೋಡಿದವರಿಗೆ ಇದು ಗೊತ್ತು.

ಗುರಿ ಯಾವುದೆಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ: ಶತ್ರುವನ್ನು ಬದಲಿಸಿ ನೋಡಿ. ಸೋವಿಯತ್ ಜಾಗದಲ್ಲಿ ಕಳ್ಳಸಾಗಣೆದಾರರನ್ನೋ ಇನ್ನೊಂದು ದೇಶವನ್ನೋ ಇಟ್ಟರೂ ಕತೆ ಅಲುಗದಿದ್ದರೆ, ಅಲ್ಲಿ ಕಮ್ಯುನಿಸಂ ಎಂಬುದು ಹೊರಗಿನ ಬಣ್ಣ ಮಾತ್ರ. ಫುಲ್ಲರ್ ಚಿತ್ರದ ಫ್ರೆಂಚ್ ಡಬ್ಬಿಂಗ್ ಈ ಪರೀಕ್ಷೆಯನ್ನು ನಮ್ಮ ಪರವಾಗಿ ಮಾಡಿಟ್ಟಿದೆ. 'ರೆಡ್ ಡಾನ್' ಕೂಡ ಹಾಗೆಯೇ. 1984ರ ಚಿತ್ರದಲ್ಲಿ ಅಮೆರಿಕದ ಊರಿಗೆ ಸೋವಿಯತ್ ಮತ್ತು ಕ್ಯೂಬಾದ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. 2012ರ ಹೊಸ ಚಿತ್ರದಲ್ಲಿ ಚೀನಾದವರು ಎಂದು ಚಿತ್ರಿಸಿ ಮುಗಿಸಿದ ಮೇಲೆ, ಬಾವುಟ ಮತ್ತು ಲಾಂಛನಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಉತ್ತರ ಕೊರಿಯಾದವರನ್ನಾಗಿ ಮಾಡಿದರು. ಚೀನಾದ ಮಾರುಕಟ್ಟೆ ಕೈತಪ್ಪಬಾರದಲ್ಲ.

ಆದರೆ ಇದೇ ಪರೀಕ್ಷೆಯನ್ನು 'ರಾಕಿ 4' (1985) ಮೇಲೆ ಪ್ರಯೋಗಿಸಿದರೆ ಸ್ವಲ್ಪ ತಡವರಿಸಬೇಕಾಗುತ್ತದೆ. ಮೇಲ್ನೋಟಕ್ಕೆ ಅದು ಮೂರನೆಯ ಗುಂಪಿನ ಸಿನಿಮಾ: ಅಮೆರಿಕದ ಬಾಕ್ಸರ್, ರಷ್ಯದ ಬಾಕ್ಸರ್, ಕೊನೆಗೆ ಗೆಲುವು. ತಾಲೀಮಿನ ದೃಶ್ಯಗಳನ್ನು ಮಾತ್ರ ನಿಧಾನವಾಗಿ ನೋಡಿ. ರಷ್ಯದ ಡ್ರಾಗೋ ಯಂತ್ರ, ವೈರು, ಚುಚ್ಚುಮದ್ದುಗಳ ನಡುವೆ, ಸುತ್ತ ನಿಂತು ಅಂಕಿ ಓದುವ ತಜ್ಞರ ಮುಂದೆ ತಯಾರಾಗುತ್ತಾನೆ. ರಾಕಿ ಹಿಮದಲ್ಲಿ ಮರದ ದಿಮ್ಮಿ ಹೊತ್ತು ಓಡುತ್ತಾನೆ. ಒಬ್ಬನನ್ನು ಪ್ರಭುತ್ವ ತಯಾರಿಸುತ್ತಿದೆ, ಇನ್ನೊಬ್ಬ ತನ್ನನ್ನು ತಾನೇ ತಯಾರಿಸಿಕೊಳ್ಳುತ್ತಿದ್ದಾನೆ. ಹೋರಾಟದ ಕೊನೆಯ ಹೊತ್ತಿಗೆ ಅಧಿಕಾರಿ ಬೈದಾಗ ಡ್ರಾಗೋ ಅವನ ಕತ್ತು ಹಿಡಿದೆತ್ತಿ, ತಾನು ಹೊಡೆದಾಡುವುದು ತನಗಾಗಿ ಎಂದು ಕೂಗುತ್ತಾನೆ. ಚಿತ್ರದ ಕಮ್ಯುನಿಸಂ ವಿರೋಧ ಇರುವುದು ಆ ಕೂಗಿನಲ್ಲಿ, ರಾಕಿಯ ಗುದ್ದಿನಲ್ಲಲ್ಲ: ಸೋವಿಯತ್ ಕ್ರೀಡಾಪಟುವೇ ಕೊನೆಗೆ ವ್ಯಕ್ತಿವಾದಿಯಾಗುತ್ತಾನೆ. ಆಮೇಲೆ ರಾಕಿ ಎಲ್ಲರೂ ಬದಲಾಗಬಹುದು ಎಂದು ಭಾಷಣ ಮಾಡುತ್ತಾನೆ, ಗೊರ್ಬಚೆವ್‌ನನ್ನು ಹೋಲುವ ನಾಯಕ ಎದ್ದು ಚಪ್ಪಾಳೆ ತಟ್ಟುತ್ತಾನೆ. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದದ್ದು 1985ರ ನವೆಂಬರಿನಲ್ಲಿ; ರೇಗನ್ ಮತ್ತು ಗೊರ್ಬಚೆವ್ ಜಿನೀವಾದಲ್ಲಿ ಮೊದಲ ಬಾರಿ ಭೇಟಿಯಾದದ್ದೂ ಅದೇ ತಿಂಗಳು. ಗುದ್ದಾಟದ ಸಿನಿಮಾ ಎಂದು ಬದಿಗೆ ತಳ್ಳಿದವರಿಗೆ ಇದಾವುದೂ ಕಾಣುವುದಿಲ್ಲ.

ಮೂರು ತಾರೀಖು

ಪ್ರತಿ ಕೃತಿಗೂ ಮೂರು ತಾರೀಖು ಬರೆದುಕೊಳ್ಳಿ: ಬರೆದದ್ದು ಅಥವಾ ಚಿತ್ರಿಸಿದ್ದು ಯಾವಾಗ, ಮೊದಲು ಹೊರಬಂದದ್ದು ಯಾವಾಗ, ಯಾರ ಬಗ್ಗೆ ಇದೆಯೋ ಅವರಿಗೆ ತಲುಪಿದ್ದು ಯಾವಾಗ. ಮೂರರ ನಡುವಿನ ಅಂತರವೇ ಅರ್ಧ ವಿಶ್ಲೇಷಣೆ ಮಾಡಿಕೊಡುತ್ತದೆ. ರಷ್ಯದ ಲೇಖಕ ಜಮ್ಯಾಟಿನ್‌ನ 'ವಿ' ಕಾದಂಬರಿ 1920-21ರಲ್ಲಿ ಬರೆದದ್ದು, 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಬಂತು, ಸೋವಿಯತ್ ಓದುಗನ ಕೈಗೆ ಅಧಿಕೃತವಾಗಿ ಸಿಕ್ಕಿದ್ದು 1988ರಲ್ಲಿ. ಪೋಲೆಂಡಿನ ಚಿತ್ರ 'ಇಂಟರಾಗೇಷನ್' 1982ರಲ್ಲಿ ಸಿದ್ಧವಾಗಿ ಡಬ್ಬಕ್ಕೆ ಸೇರಿತು. ಪರದೆ ಕಂಡದ್ದು 1989ರಲ್ಲಿ, ಅದರ ನಾಯಕಿ ಕ್ರಿಸ್ಟಿನಾ ಯಾಂಡಾಗೆ ಕಾನ್ ಪ್ರಶಸ್ತಿ ಬಂದದ್ದು 1990ರಲ್ಲಿ.

ಪಕ್ಕದಲ್ಲಿ ಘಟನೆಗಳ ಪಟ್ಟಿ ಇರಲಿ. 1936-38ರಲ್ಲಿ ಸ್ಟಾಲಿನ್ ತನ್ನ ಎದುರಾಳಿಗಳ ಮೇಲೆ ನಡೆಸಿದ ಮಾಸ್ಕೋ ವಿಚಾರಣೆಗಳು, 1939ರ ಆಗಸ್ಟಿನ ಹಿಟ್ಲರ್-ಸ್ಟಾಲಿನ್ ಒಪ್ಪಂದ, 1941ರ ಜೂನ್‌ನಲ್ಲಿ ಜರ್ಮನಿಯ ದಾಳಿ, 1950ರ ಕೊರಿಯಾ ಯುದ್ಧ, 1953ರಲ್ಲಿ ಸ್ಟಾಲಿನ್ ಸಾವು, 1956ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್‌ನನ್ನು ಖಂಡಿಸಿದ ಭಾಷಣ ಮತ್ತು ಹಂಗೇರಿಯ ದಂಗೆ, 1961ರ ಬರ್ಲಿನ್ ಗೋಡೆ, 1968ರಲ್ಲಿ ಪ್ರಾಗ್‌ಗೆ, 1979ರಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ, 1981ರ ಡಿಸೆಂಬರಿನ ಪೋಲಿಷ್ ಸೈನಿಕ ಆಡಳಿತ, 1989ರಲ್ಲಿ ಬರ್ಲಿನ್ ಗೋಡೆಯ ಪತನ, 1991ರಲ್ಲಿ ಸೋವಿಯತ್ ಒಕ್ಕೂಟದ ಅಂತ್ಯ. ಇಷ್ಟಿದ್ದರೆ ಮುಕ್ಕಾಲು ಪಾಲು ಕೃತಿಗಳಿಗೆ ಸಾಕು.

ಪಟ್ಟಿ ಏಕೆ ಬೇಕು ಅಂದರೆ, ವಾರ್ನರ್ ಬ್ರದರ್ಸ್ ಸಂಸ್ಥೆ 1943ರಲ್ಲಿ 'ಮಿಷನ್ ಟು ಮಾಸ್ಕೋ' ತೆಗೆಯಿತು. ಸ್ಟಾಲಿನ್ ಅದರಲ್ಲಿ ಒಳ್ಳೆಯ ಮಿತ್ರ, ಮಾಸ್ಕೋ ವಿಚಾರಣೆಗಳು ನ್ಯಾಯವಾದವು. ಎಂಟು ವರ್ಷಕ್ಕೆ ಅದೇ ಸಂಸ್ಥೆಯಿಂದ 'ಐ ವಾಸ್ ಎ ಕಮ್ಯುನಿಸ್ಟ್ ಫಾರ್ ದಿ ಎಫ್‌ಬಿಐ' ಬಂತು. ನಡುವೆ 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಹಾಲಿವುಡ್ಡಿನವರನ್ನು ಕರೆಸಿ ವಿಚಾರಿಸಿತ್ತು, ಹತ್ತು ಮಂದಿ ಜೈಲಿಗೆ ಹೋದರು, ಕಮ್ಯುನಿಸ್ಟರೆಂದು ಶಂಕಿಸಿದವರಿಗೆ ಕೆಲಸ ಕೊಡದ ಕಪ್ಪುಪಟ್ಟಿ ಶುರುವಾಗಿತ್ತು. (ಆ 1951ರ ಚಿತ್ರ ನಟರನ್ನಿಟ್ಟು ಮಾಡಿದ ಕತೆಯಾದರೂ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಕಾಲ ಹಾಗಿತ್ತು.)

ತಾರೀಖು ಸಿನಿಮಾವನ್ನು ಕೆಡಿಸುವುದೂ ಉಂಟು. ಬಿಲ್ಲಿ ವೈಲ್ಡರ್ ಬರ್ಲಿನ್‌ನಲ್ಲಿ 'ಒನ್, ಟು, ಥ್ರೀ' ಹಾಸ್ಯಚಿತ್ರ ತೆಗೆಯುತ್ತಿದ್ದಾಗಲೇ, 1961ರ ಆಗಸ್ಟ್ 13ರಂದು ಗೋಡೆ ಎದ್ದಿತು; ಬ್ರಾಂಡೆನ್‌ಬರ್ಗ್ ದ್ವಾರದ ಸೆಟ್ಟನ್ನು ಮ್ಯೂನಿಕ್‌ನಲ್ಲಿ ಕಟ್ಟಿ ಚಿತ್ರೀಕರಣ ಮುಗಿಸಬೇಕಾಯಿತು. ಜನ ಸಾಯುತ್ತಿದ್ದ ಗಡಿಯ ಬಗ್ಗೆ ನಗು ಯಾರಿಗೂ ಬರಲಿಲ್ಲ. 1985ರಲ್ಲಿ ಜರ್ಮನಿಯಲ್ಲಿ ಮರುಬಿಡುಗಡೆಯಾದಾಗ ಅದೇ ಚಿತ್ರ ಗೆದ್ದಿತು. 'ರ್‍ಯಾಂಬೋ 3' ಬಿಡುಗಡೆಯಾದದ್ದು 1988ರ ಮೇ 25ಕ್ಕೆ; ಸೋವಿಯತ್ ಸೇನೆ ಅಫ್ಘಾನಿಸ್ತಾನದಿಂದ ಹಿಂದೆ ಸರಿಯಲು ಆರಂಭಿಸಿ ಹತ್ತು ದಿನವಾಗಿತ್ತು.

ಹಣ ಮತ್ತು ಅನುಮತಿ

ಇದು ಎರಡು ಕಡೆಯೂ ಜಾರುವ ಜಾಗ. ಸಿಐಎ ದುಡ್ಡು ಇದೆ ಎಂದು ಗೊತ್ತಾದ ಕೂಡಲೇ ಕೃತಿಯನ್ನು ಪ್ರಚಾರ ಎಂದು ಬಿಸಾಡುವವರಿದ್ದಾರೆ. ಪಾಸ್ತರ್ನಾಕ್‌ನ 'ಡಾಕ್ಟರ್ ಜಿವಾಗೋ' ನೋಡಿ. 1957ರಲ್ಲಿ ಅದನ್ನು ಮಿಲಾನಿನಲ್ಲಿ ಮೊದಲು ಪ್ರಕಟಿಸಿದ ಫೆಲ್ತ್ರಿನೆಲ್ಲಿ ಸ್ವತಃ ಇಟಲಿಯ ಕಮ್ಯುನಿಸ್ಟ್. ಮರುವರ್ಷ ಸಿಐಎ ರಷ್ಯನ್ ಪ್ರತಿಗಳನ್ನು ಅಚ್ಚು ಹಾಕಿಸಿ, ಬ್ರಸೆಲ್ಸ್ ವಿಶ್ವ ಮೇಳದ ವ್ಯಾಟಿಕನ್ ಮಂಟಪದ ಮೂಲಕ ಸೋವಿಯತ್ ಪ್ರವಾಸಿಗಳ ಕೈಗೆ ತಲುಪಿಸಿತು. ಕಾದಂಬರಿಯ ಒಂದು ಸಾಲನ್ನೂ ಅವರು ಬರೆದಿರಲಿಲ್ಲ. ಹಂಚಿಕೆಯ ರಾಜಕೀಯ ಬೇರೆ, ಬರಹದ ರಾಜಕೀಯ ಬೇರೆ. ನೋಟ್‌ಬುಕ್ಕಿನಲ್ಲಿ ಎರಡು ಬೇರೆ ಪುಟ ಇಡಿ. 'ಅನಿಮಲ್ ಫಾರ್ಮ್' ಚಿತ್ರದಲ್ಲಿ ಹಣ ಕೊಟ್ಟವರ ಕಡೆಯಿಂದ ಕತೆಯ ಕೊನೆಯೇ ಬದಲಾಯಿತು, 'ಜಿವಾಗೋ' ಪುಸ್ತಕದಲ್ಲಿ ಹಾಗಾಗಲಿಲ್ಲ. ಹಣ ಬಂದಿತೇ ಎಂಬುದಕ್ಕಿಂತ, ಹಣ ಬಂದ ಮೇಲೆ ಏನು ಬದಲಾಯಿತು ಎಂಬುದು ಮುಖ್ಯ ಪ್ರಶ್ನೆ.

ಅನುಮತಿ ಕೊಟ್ಟವರೂ ಕೈ ಸುಟ್ಟುಕೊಂಡದ್ದುಂಟು. ಐನ್ ರ್‍ಯಾಂಡ್‌ನ 'ವಿ ದ ಲಿವಿಂಗ್' ಕಾದಂಬರಿಯನ್ನು 1942ರಲ್ಲಿ ಮುಸೊಲಿನಿಯ ಇಟಲಿಯಲ್ಲಿ ಸಿನಿಮಾ ಮಾಡಿದರು. ಸೋವಿಯತ್ ವಿರೋಧ ಎಂದು ಆಳುವವರಿಗೆ ಖುಷಿ. ಒಬ್ಬ ಮನುಷ್ಯನನ್ನು ಪ್ರಭುತ್ವ ಹೇಗೆ ಹಿಸುಕುತ್ತದೆ ಎಂಬ ಕತೆ ತಮಗೂ ತಾಗುತ್ತಿದೆ ಎಂದು ಹೊಳೆದ ಮೇಲೆ ಚಿತ್ರವನ್ನು ಥಿಯೇಟರುಗಳಿಂದ ತೆಗೆಸಿದರು. ಇನ್ನೊಂದು ಕಡೆ, ಸೋಲ್ಜೆನಿತ್ಸಿನ್ ಶಿಬಿರದ ಕೈದಿಯ ಒಂದು ದಿನವನ್ನು ಬರೆದ ಕಿರು ಕಾದಂಬರಿ 1962ರ ನವೆಂಬರಿನಲ್ಲಿ ಕ್ರುಶ್ಚೇವ್‌ನ ಒಪ್ಪಿಗೆಯಿಂದಲೇ 'ನೋವಿ ಮಿರ್' ಪತ್ರಿಕೆಯಲ್ಲಿ ಬಂತು. 1973ರ ಕೊನೆಯಲ್ಲಿ ಪ್ಯಾರಿಸಿನಲ್ಲಿ 'ಗುಲಾಗ್ ಆರ್ಕಿಪೆಲಗೊ' ಹೊರಬಂದ ಮೇಲೆ 1974ರ ಫೆಬ್ರವರಿಯಲ್ಲಿ ಅದೇ ಲೇಖಕನನ್ನು ದೇಶದಿಂದಲೇ ಹೊರಹಾಕಿದರು.

ನೋಡುವ ಕ್ರಮ

ಮೊದಲ ಸಲ ಪೆನ್ನು ಮುಟ್ಟದೆ, ನಿಲ್ಲಿಸದೆ ಪೂರ್ತಿ ನೋಡಿ. ಸಿನಿಮಾ ತನ್ನ ವೇಗದಲ್ಲಿ ಎಲ್ಲಿ ನಮ್ಮನ್ನು ಹಿಡಿಯುತ್ತದೆ, ಎಲ್ಲಿ ಬೋಧನೆಗಿಳಿದು ಬೇಸರ ತರಿಸುತ್ತದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಮುಗಿದ ಕೂಡಲೇ ಅರ್ಧ ಪುಟ ಬರೆಯಿರಿ. ಎರಡನೆಯ ಸಲ, ಸಾಧ್ಯವಾದರೆ ಮರುದಿನ, ದೃಶ್ಯ ದೃಶ್ಯಕ್ಕೂ ನಿಲ್ಲಿಸಿ. 100 ನಿಮಿಷದ ಚಿತ್ರಕ್ಕೆ ಮೂರು ಗಂಟೆ ಹಿಡಿಯುತ್ತದೆ. ಪುಟವನ್ನು ಐದು ಕಾಲಂ ಮಾಡಿ: ಸಮಯ, ಯಾರು ಇದ್ದಾರೆ, ಏನು ಹೇಳಿದರು, ಏನು ಕಂಡಿತು, ಯಾವುದಕ್ಕೆ ಎದುರಾಗಿ ಇಟ್ಟಿದ್ದಾರೆ. ಐದನೆಯ ಕಾಲಂ ಖಾಲಿ ಬಿಡಬೇಡಿ. ಕಮ್ಯುನಿಸಂ ವಿರೋಧಿ ಕೃತಿಗಳು ಯಾವಾಗಲೂ ಇನ್ನೇನನ್ನೋ ಕಾಪಾಡಲು ಹೊರಟಿರುತ್ತವೆ. ಅದು ಕುಟುಂಬವೋ, ಧರ್ಮವೋ, ಸ್ವಂತ ಆಸ್ತಿಯೋ, ಪ್ರೇಮವೋ, ಖಾಸಗಿ ಕೋಣೆಯೋ, ಕೆಲವೊಮ್ಮೆ ಹಾಸ್ಯವೋ.

'ಮೈ ಸನ್ ಜಾನ್' (1952) ಚಿತ್ರದ ಒಂದು ಸಾಲು ಹೀಗೆ ಬರುತ್ತದೆ. ಯಾರು: ತಾಯಿ, ಸರ್ಕಾರಿ ಕೆಲಸದಲ್ಲಿರುವ ಓದಿದ ಮಗ. ಹೇಳಿದ್ದು: ತಾನು ಕಮ್ಯುನಿಸ್ಟ್ ಅಲ್ಲ ಎಂದು ಮಗನ ಪ್ರಮಾಣ. ಕಂಡದ್ದು: ಬೈಬಲ್ ಮೇಲೆ ಕೈ. ಎದುರು: ಪುಸ್ತಕಜ್ಞಾನಕ್ಕೆ ಎದುರಾಗಿ ಧರ್ಮಗ್ರಂಥ, ಹೊರಗಿನ ನಿಷ್ಠೆಗೆ ಎದುರಾಗಿ ತಾಯಿ. ಇನ್ನೊಂದು ದೃಶ್ಯದಲ್ಲಿ ತಂದೆ ಅದೇ ಬೈಬಲ್ಲಿನಿಂದ ಮಗನ ತಲೆಗೆ ಹೊಡೆಯುತ್ತಾನೆ. ಎರಡು ಸಾಲನ್ನು ಒಂದರ ಕೆಳಗೊಂದು ಬರೆದಾಗ, ಚಿತ್ರಕ್ಕೆ ಮಾರ್ಕ್ಸ್‌ನೊಂದಿಗೆ ವಾದವೇ ಇಲ್ಲ ಎಂಬುದು ಕಾಣುತ್ತದೆ. ಅದರ ಜಗಳ ಓದಿ ಮನೆಯಿಂದ ದೂರವಾದ ಮಗನ ಮೇಲೆ. ಶೂಟಿಂಗ್ ಮುಗಿಯುವ ಮುಂಚೆಯೇ ನಟ ರಾಬರ್ಟ್ ವಾಕರ್ ತೀರಿಕೊಂಡದ್ದರಿಂದ ಕೊನೆಯನ್ನು ಹೊಲಿದು ಜೋಡಿಸಬೇಕಾಯಿತು. ಖಾಲಿ ವೇದಿಕೆ, ಮೇಲಿನಿಂದ ಬೀಳುವ ಬೆಳಕು, ಧ್ವನಿಮುದ್ರಣದಿಂದ ಬರುವ ಸತ್ತ ಮಗನ ತಪ್ಪೊಪ್ಪಿಗೆ. ಇಲ್ಲಿ ಉದ್ದೇಶವನ್ನೂ ಅನಿವಾರ್ಯವನ್ನೂ ಬೇರೆ ಮಾಡಿ ಹೇಳಬೇಕು.

ಎರಡನೆಯ ಸಲದಲ್ಲಿ ಒಂದು ಪ್ರಶ್ನೆಯನ್ನು ಕೆಂಪು ಪೆನ್ನಿನಲ್ಲಿ ಹಿಂಬಾಲಿಸಿ: ಈ ಕಮ್ಯುನಿಸ್ಟ್ ಪಾತ್ರ ಪಕ್ಷ ಸೇರಿದ್ದು ಏಕೆ? ದುರ್ಬಲ ಕೃತಿಗಳಲ್ಲಿ ಉತ್ತರವೇ ಇರುವುದಿಲ್ಲ, ಇದ್ದರೆ ಹಣ, ಹೆಣ್ಣು, ಅಸೂಯೆ, ಮಿದುಳುತೊಳೆತ. ಫುಲ್ಲರ್ ಇದನ್ನು ಬಲ್ಲವನು. ಅವನ ಚಿತ್ರದಲ್ಲಿ ಪೊಲೀಸರಿಗೆ ಸುದ್ದಿ ಮಾರುವ ಮುದುಕಿ ಮೋ, ಕಮ್ಯುನಿಸ್ಟರ ಬಗ್ಗೆ ತನಗೇನೂ ಗೊತ್ತಿಲ್ಲ, ಆದರೂ ಅವರನ್ನು ಕಂಡರೆ ಆಗದು ಎನ್ನುತ್ತಾಳೆ. ಗಟ್ಟಿ ಕೃತಿಗಳಲ್ಲಿ ನಂಬಿಕೆಯೇ ಉತ್ತರ. ಕೋಸ್ಲರ್‌ನ ಕಾದಂಬರಿಯ ನಾಯಕ ರುಬಶೋವ್ ತನ್ನ ಮೇಲಿನ ಸುಳ್ಳು ಆರೋಪವನ್ನು ಒಪ್ಪಿಕೊಳ್ಳುವುದು ತನ್ನದೇ ತರ್ಕದ ಕೊನೆಯ ಮೆಟ್ಟಿಲಾಗಿ. ಕೋಸ್ಲರ್ ಸ್ವತಃ 1938ರವರೆಗೆ ಪಕ್ಷದಲ್ಲಿದ್ದವನು. ಪೋಲೆಂಡಿನ ನಿರ್ದೇಶಕ ಆಂಜೆಯ್ ವಾಯ್ದಾನ 'ಮ್ಯಾನ್ ಆಫ್ ಮಾರ್ಬಲ್' (1977) ಚಿತ್ರದ ಗಾರೆ ಕೆಲಸಗಾರ ಬಿರ್ಕುಟ್ ದಾಖಲೆ ಸಂಖ್ಯೆಯ ಇಟ್ಟಿಗೆ ಜೋಡಿಸಿ ವೀರನಾಗುತ್ತಾನೆ, ಯಾರೋ ಕಾಯಿಸಿ ಕೊಟ್ಟ ಇಟ್ಟಿಗೆ ಹಿಡಿದು ಕೈ ಸುಟ್ಟುಕೊಳ್ಳುತ್ತಾನೆ, ಆಮೇಲೂ ನಂಬಿಕೆ ಬಿಡುವುದಿಲ್ಲ. ಆ ಪಕ್ಷಕ್ಕೆ ಅವನಷ್ಟು ದೊಡ್ಡ ದೋಷಾರೋಪಣೆ ಇನ್ನೊಂದಿಲ್ಲ. ಹಾಲಿವುಡ್ಡಿನ ಹತ್ತು ಖಳನಾಯಕರನ್ನು ಒಟ್ಟಿಗೆ ತೂಗಿದರೂ ಬಿರ್ಕುಟ್‌ಗೆ ಸಮ ಬರುವುದಿಲ್ಲ.

ರೂಪಕದ ಉರುಳು

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' (1956) ಚಿತ್ರದಲ್ಲಿ ಬೇರೆ ಲೋಕದ ಬೀಜಕೋಶಗಳು ಊರಿನವರ ಜಾಗವನ್ನು ಒಬ್ಬೊಬ್ಬರಾಗಿ ಆಕ್ರಮಿಸುತ್ತವೆ. ಮುಖ ಅದೇ, ಒಳಗೆ ಭಾವನೆಯಿಲ್ಲ. ಇದು ಕಮ್ಯುನಿಸಂ ಭಯ ಎಂದು ಒಂದು ಪಂಗಡ, ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದವರು ಹೇರಿದ ಒಂದೇ ಅಚ್ಚಿನ ಸಮಾಜದ ಭಯ ಎಂದು ಇನ್ನೊಂದು. ಚಿತ್ರ ಎರಡಕ್ಕೂ ದಾರಿ ಕೊಡುತ್ತದೆ. ಆರಂಭ ಮತ್ತು ಕೊನೆಯ ಆಸ್ಪತ್ರೆ ದೃಶ್ಯಗಳು ಸ್ಟುಡಿಯೋ ಒತ್ತಾಯದಿಂದ ಸೇರಿದವು. ಅವಿಲ್ಲದೆ ನೋಡಿದರೆ ಸಿನಿಮಾ ಇನ್ನೂ ಕಪ್ಪಾಗಿದೆ.

ರೂಪಕ ಎಂದು ಬರೆಯುವ ಮುಂಚೆ ಮೂರು ಬಗೆಯ ಸಾಕ್ಷಿ ಹುಡುಕಿ: ಮಾಡಿದವರ ಮಾತು, ಬಿಡುಗಡೆಯ ಕಾಲದ ವಿಮರ್ಶೆ, ಕೃತಿಯೊಳಗಿನ ಸ್ಪಷ್ಟ ಸುಳಿವು. ಮೂರರಲ್ಲಿ ಎರಡಾದರೂ ಸಿಕ್ಕರೆ ಧೈರ್ಯವಾಗಿ ಬರೆಯಿರಿ. ಒಂದೇ ಸಿಕ್ಕರೆ ಹೀಗೂ ಓದಬಹುದು ಎನ್ನಿ. ಏನೂ ಸಿಗದೆ, ಅದು 1950ರ ದಶಕದ ಅನ್ಯಗ್ರಹದ ಚಿತ್ರ ಎಂಬುದಷ್ಟೇ ನಿಮ್ಮ ಆಧಾರವಾದರೆ ಬಿಟ್ಟುಬಿಡಿ.

ಒಂದೇ ಕೃತಿ ಎರಡೂ ಕಡೆಗೆ ಬೀಸುವ ಸಾಧ್ಯತೆಯನ್ನೂ ಮರೆಯಬೇಡಿ. 'ದ ಮಂಚೂರಿಯನ್ ಕ್ಯಾಂಡಿಡೇಟ್' (1962) ಚಿತ್ರದಲ್ಲಿ ಕ್ಯಾಮೆರಾ ಒಂದು ಸುತ್ತು ತಿರುಗುವಷ್ಟರಲ್ಲಿ ಹೂದೋಟದ ಬಗ್ಗೆ ಉಪನ್ಯಾಸ ಕೇಳುತ್ತಿದ್ದ ಹೆಂಗಸರ ಸಭೆ ಕಮ್ಯುನಿಸ್ಟ್ ಅಧಿಕಾರಿಗಳ ಸಭೆಯಾಗುತ್ತದೆ. ಬಂದಿಯಾದ ಅಮೆರಿಕನ್ ಸೈನಿಕರಿಗೆ ಹೆಂಗಸರೇ ಕಾಣುತ್ತಿದ್ದಾರೆ. ಮಿದುಳುತೊಳೆತದ ಭಯಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಯಾರೂ ತೆಗೆದಿಲ್ಲ. ಅದೇ ಚಿತ್ರದಲ್ಲಿ ಕಮ್ಯುನಿಸ್ಟರ ಬೇಟೆಗೆ ಹೆಸರಾದ ಮೆಕಾರ್ಥಿಯನ್ನು ಹೋಲುವ ಸೆನೆಟರ್, ಸರ್ಕಾರದಲ್ಲಿ ಎಷ್ಟು ಕಮ್ಯುನಿಸ್ಟರಿದ್ದಾರೆ ಎಂಬ ಸಂಖ್ಯೆ ನೆನಪಾಗದೆ ಒದ್ದಾಡುತ್ತಾನೆ. ಕೊನೆಗೆ ಸಾಸ್ ಬಾಟಲಿಯ ಚೀಟಿಯಲ್ಲಿದ್ದ 57 ಎಂಬ ಅಂಕಿಯೇ ಅವನ ಆರೋಪವಾಗುತ್ತದೆ.

ಹಾಡುಗಳಿಗೆ ಬೇರೆ ಹತ್ಯಾರ

ಹಾಡಿನಲ್ಲಿ ಸಾಹಿತ್ಯ ಒಂದು ಪದರ ಮಾತ್ರ. ರಾಗ ಎಲ್ಲಿಂದ ಬಂತು, ಯಾವ ಸಂದರ್ಭದಲ್ಲಿ ಯಾರು ಹಾಡಿದರು, ಯಾರು ನಿಷೇಧಿಸಿದರು ಎಂಬ ಮೂರು ಸಾಲು ಬೇಕೇ ಬೇಕು. ಕೊರಿಯಾ ಯುದ್ಧದ ಕಾಲದ ಅಮೆರಿಕನ್ ಕಂಟ್ರಿ ಹಾಡುಗಳಿಗೆ ಇಷ್ಟು ಶ್ರಮ ಬೇಡ; ಸ್ಟಾಲಿನ್‌ನನ್ನು ಹೆಸರು ಹಿಡಿದು ಬೈಯುವ ಅವು ಹೇಳುವುದನ್ನು ನೇರವಾಗಿ ಹೇಳುತ್ತವೆ. ಕಷ್ಟ ಬರುವುದು ಪೂರ್ವ ಯುರೋಪಿನಲ್ಲಿ.

ಕತಲಾನ್ ಗಾಯಕ ಲ್ಯೂಯಿಸ್ ಲ್ಯಾಕ್ 1968ರಲ್ಲಿ 'ಲೆಸ್ತಾಕಾ' ಕಟ್ಟಿದ್ದು ಸ್ಪೇನಿನ ಫ್ರಾಂಕೋ ವಿರುದ್ಧ. ನಮ್ಮನ್ನೆಲ್ಲ ಕಟ್ಟಿಹಾಕಿದ ಗೂಟವನ್ನು ಎಲ್ಲರೂ ಸೇರಿ ಎಳೆದರೆ ಬೀಳುತ್ತದೆ ಎಂಬುದು ಅದರ ಸಾರ. ಹತ್ತು ವರ್ಷದ ಮೇಲೆ ಪೋಲೆಂಡಿನ ಯಾಚೆಕ್ ಕಾಚ್ಮಾರ್ಸ್ಕಿ ಅದೇ ರಾಗಕ್ಕೆ 'ಮೂರಿ' ಬರೆದ, ಅಂದರೆ ಗೋಡೆಗಳು. ಅಲ್ಲಿಯ ಕಾರ್ಮಿಕರ ಸಾಲಿಡಾರಿಟಿ ಚಳವಳಿ ಅದನ್ನು ತನ್ನ ಹಾಡು ಮಾಡಿಕೊಂಡಿತು. ಬಲಪಂಥೀಯ ಸರ್ವಾಧಿಕಾರಿಯ ಎದುರು ಹುಟ್ಟಿದ ರಾಗ ಕಮ್ಯುನಿಸ್ಟ್ ಸರ್ಕಾರದ ಎದುರು ನಿಂತಿತು. ಆದರೆ ಕಾಚ್ಮಾರ್ಸ್ಕಿ ಬರೆದ ಕೊನೆಯ ಪಲ್ಲವಿಯಲ್ಲಿ ಗೋಡೆ ಬೀಳುವುದಿಲ್ಲ. ಹಾಡನ್ನು ಕಸಿದುಕೊಂಡ ಜನಸಮೂಹ ಮುನ್ನುಗ್ಗುತ್ತದೆ, ಹಾಡುಗಾರ ಒಬ್ಬನೇ ಉಳಿಯುತ್ತಾನೆ, ಗೋಡೆ ಬೆಳೆಯುತ್ತದೆ, ಕಾಲಿನ ಸಂಕೋಲೆ ತೂಗುತ್ತದೆ. ಜನ ಆ ಭಾಗವನ್ನು ಬಿಟ್ಟು ಗೋಡೆ ಬೀಳುವ ಪಲ್ಲವಿಯನ್ನೇ ಹಾಡಿದರು. ಹಾಗಾಗಿ ಧ್ವನಿಮುದ್ರಣ ಕೇಳಿ ಬರೆಯುವವರು ಯಾರು ಹಾಡಿದ್ದು, ಕೊನೆಯ ಚರಣ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕವಿಯ ಅನುಮಾನವನ್ನು ಜಯಘೋಷ ಎಂದು ಬರೆದುಬಿಡುತ್ತೀರಿ.

ಜೆಕೊಸ್ಲೊವಾಕಿಯಾದ 'ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್' ತಂಡದ ಹಾಡುಗಳಲ್ಲಿ ರಾಜಕೀಯ ಹುಡುಕಿದರೆ ನಿರಾಶೆಯೇ ಗತಿ. 1976ರಲ್ಲಿ ಅವರನ್ನು ಬಂಧಿಸಿ ವಿಚಾರಣೆ ನಡೆಸಿದ್ದೇ ರಾಜಕೀಯವಾಯಿತು. ಆ ಸಿಟ್ಟಿನಿಂದ 1977ರ ಜನವರಿಯಲ್ಲಿ 'ಚಾರ್ಟರ್ 77' ಎಂಬ ಮಾನವ ಹಕ್ಕುಗಳ ಮನವಿ ಹುಟ್ಟಿತು. ಇಂಥಲ್ಲಿ ವಿರೋಧಿ ಹಾಡು ಎನ್ನುವ ಬದಲು ಸರ್ಕಾರ ವಿರೋಧಿ ಎಂದು ಪರಿಗಣಿಸಿದ ಹಾಡು ಎನ್ನಿ. ಸೋವಿಯತ್ ಯುವಕರು ಬದಲಾವಣೆಯ ಗೀತೆಯಾಗಿ ಎತ್ತಿಕೊಂಡ ರಾಕ್ ಗಾಯಕ ವಿಕ್ಟರ್ ತ್ಸೋಯ್‌ನ ಹಾಡಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅದು ರಾಜಕೀಯ ಪ್ರತಿಭಟನೆಯಲ್ಲ ಎಂದು ಅವನೇ ಹೇಳಿದ್ದ. ಬೀಟಲ್ಸ್‌ನ 'ಬ್ಯಾಕ್ ಇನ್ ದ ಯುಎಸ್‌ಎಸ್‌ಆರ್' (1968) ಚಕ್ ಬೆರ್ರಿ ಮತ್ತು ಬೀಚ್ ಬಾಯ್ಸ್‌ರ ಅಣಕು. ಅದನ್ನು ಕಮ್ಯುನಿಸ್ಟ್ ಪರ ಎಂದು ಅಮೆರಿಕದ ಕಟ್ಟಾ ಬಲಪಂಥೀಯರು ಬೊಬ್ಬೆ ಹಾಕಿದ್ದು ಹಾಡಿಗಿಂತ ದೊಡ್ಡ ತಮಾಷೆ.

ಬರೆಯಲು ಕೂತಾಗ

ಇಂಥ ವಿಷಯದಲ್ಲಿ ಎರಡು ವಾದಗಳನ್ನು ಬೆರೆಸುವ ಚಟ ಜೋರಾಗಿದೆ. ಸಿನಿಮಾ ಪ್ರಚಾರಕ್ಕೆ ಮಾಡಿದ್ದು ಎಂದು ತೋರಿಸಿದರೆ, ಅದು ತೋರಿಸುವ ಶಿಬಿರ, ಬಂಧನ, ಸುಳ್ಳು ವಿಚಾರಣೆ ಸುಳ್ಳಾಗುವುದಿಲ್ಲ. ಅವು ನಡೆದದ್ದು ನಿಜ ಎಂಬ ಕಾರಣಕ್ಕೆ ಕೆಟ್ಟ ಸಿನಿಮಾ ಒಳ್ಳೆಯದೂ ಆಗುವುದಿಲ್ಲ. ಕೃತಿಯ ನಿಲುವಿಗೆ ಒಂದು ಪ್ಯಾರಾ, ಇತಿಹಾಸದ ಖಚಿತತೆಗೆ ಇನ್ನೊಂದು ಪ್ಯಾರಾ ಮೀಸಲಿಡಿ.

'ದ ಲೈವ್ಸ್ ಆಫ್ ಅದರ್ಸ್' (2006) ಬಗ್ಗೆ ಬರೆಯುವಾಗ ಇದು ಉಪಯೋಗಕ್ಕೆ ಬರುತ್ತದೆ. ಪೂರ್ವ ಜರ್ಮನಿಯ ಗುಪ್ತಚರ ಅಧಿಕಾರಿಯೊಬ್ಬ ಕದ್ದು ಆಲಿಸುತ್ತಲೇ ಮನಸ್ಸು ಬದಲಿಸಿ ನಾಟಕಕಾರನನ್ನು ಕಾಪಾಡುತ್ತಾನೆ. ಹೋಹೆನ್‌ಶೋನ್‌ಹೌಸೆನ್ ಎಂಬ, ಹಿಂದೆ ಆ ಗುಪ್ತಚರರದ್ದೇ ಆಗಿದ್ದ ಸ್ಮಾರಕ ಜೈಲಿನ ಆಗಿನ ಮುಖ್ಯಸ್ಥ ಹುಬರ್ಟಸ್ ಕ್ನಾಬೆ ಅಲ್ಲಿ ಚಿತ್ರೀಕರಣಕ್ಕೆ ಒಪ್ಪಲಿಲ್ಲ. ಗುಪ್ತಚರ ಅಧಿಕಾರಿಯನ್ನು ವೀರನನ್ನಾಗಿ ಮಾಡುವುದು ಅವನ ತಕರಾರು. ಆಸ್ಕರ್ ಗೆದ್ದ ಈ ಚಿತ್ರ ಕಮ್ಯುನಿಸ್ಟ್ ಆಳ್ವಿಕೆಯ ವಿರುದ್ಧ ಇದೆ ಎಂದು ಹೊರಗಿನವರು ಹೊಗಳುತ್ತಿದ್ದಾಗ, ಅದು ಆ ಆಳ್ವಿಕೆಯ ನೌಕರನಿಗೆ ಅನರ್ಹ ಕರುಣೆ ತೋರಿಸುತ್ತದೆ ಎಂದು ಆ ಆಳ್ವಿಕೆಯ ಅಪರಾಧಗಳನ್ನು ಬಲ್ಲವರು ಹೇಳಿದರು. ಎರಡೂ ಮಾತು ನಿಮ್ಮ ಬರಹದಲ್ಲಿ ಬರಬೇಕು.

ವಾಕ್ಯಗಳ ಮಟ್ಟದಲ್ಲಿ ಹೇಳುವುದಾದರೆ, 'ಈ ಚಿತ್ರ ಕಮ್ಯುನಿಸಂ ಅನ್ನು ಟೀಕಿಸುತ್ತದೆ' ಎಂಬುದರಿಂದ ಯಾರಿಗೂ ಏನೂ ಸಿಗುವುದಿಲ್ಲ. 'ಮಗನ ಕೈಯನ್ನು ಬೈಬಲ್ ಮೇಲೆ ಇಡಿಸುವ ಮೂಲಕ ಚಿತ್ರ ರಾಜಕೀಯ ನಿಷ್ಠೆಯನ್ನು ಪಾಪವಾಗಿಸುತ್ತದೆ' ಎಂದರೆ ಓದುಗ ದೃಶ್ಯಕ್ಕೆ ಹೋಗಿ ಪರೀಕ್ಷಿಸಬಹುದು. ಪ್ರತಿ ತೀರ್ಪಿಗೂ ಒಂದು ಸಮಯ ಅಥವಾ ಪುಟಸಂಖ್ಯೆ ಕೊಡಿ. ಅನುವಾದದಲ್ಲಿ ಓದಿದ್ದರೆ ಅದನ್ನು ಹೇಳಿ. ಮಿಲನ್ ಕುಂದೇರಾನ 'ದ ಜೋಕ್' ಮೊದಲ ಸಲ 1969ರಲ್ಲಿ ಇಂಗ್ಲಿಷಿಗೆ ಬಂದಾಗ ಭಾಗಗಳನ್ನು ಹಿಂದುಮುಂದು ಮಾಡಿ ಕತ್ತರಿಸಿದ್ದರು, ಅವನು ಬಹಿರಂಗವಾಗಿಯೇ ಪ್ರತಿಭಟಿಸಿದ. ಹಳೆಯ ಪ್ರತಿ ಸಿಕ್ಕಿದವರು ರಚನೆಯ ಬಗ್ಗೆ ಮಾತಾಡದಿರುವುದೇ ಕ್ಷೇಮ.

ಗಲ್ಲಾಪೆಟ್ಟಿಗೆಯಿಂದ ಜನಮತ ಅಳೆಯಲು ಹೋಗಬೇಡಿ. 1948ರಿಂದ 1954ರ ನಡುವೆ ಹಾಲಿವುಡ್ ತೆಗೆದ ನೇರ ಕಮ್ಯುನಿಸ್ಟ್ ವಿರೋಧಿ ಚಿತ್ರಗಳಲ್ಲಿ ಬಹುಪಾಲು ದುಡ್ಡು ಮಾಡಲಿಲ್ಲ. ಸಂಸತ್ತಿನ ಸಮಿತಿಯ ಮುಂದೆ ತಮ್ಮ ದೇಶನಿಷ್ಠೆ ತೋರಿಸಲು ಸ್ಟುಡಿಯೋಗಳು ಕಟ್ಟಿದ ಕಪ್ಪ ಅವು. ಹೋವರ್ಡ್ ಹ್ಯೂಸ್‌ನ ಆರ್‌ಕೆಓ ಸಂಸ್ಥೆ 'ಐ ಮ್ಯಾರೀಡ್ ಎ ಕಮ್ಯುನಿಸ್ಟ್' ಎಂದು ಹೊರತಂದದ್ದನ್ನು 'ದ ವುಮನ್ ಆನ್ ಪಿಯರ್ 13' ಎಂದು ಹೆಸರು ಬದಲಿಸಿ ಮಾರಬೇಕಾಯಿತು.

ಕೈ ಪಳಗಿಸಿಕೊಳ್ಳಲು ಒಂಟಿ ಕೃತಿಗಿಂತ ಜೋಡಿ ಒಳ್ಳೆಯದು. 'ಅನಿಮಲ್ ಫಾರ್ಮ್' ಪುಸ್ತಕ ಮತ್ತು 1954ರ ಚಿತ್ರ. 'ಲೆಸ್ತಾಕಾ' ಮತ್ತು 'ಮೂರಿ'. 'ಮೈ ಸನ್ ಜಾನ್' ಮತ್ತು 'ಇಂಟರಾಗೇಷನ್'. ವಾಯ್ದಾನ ಜೋಡಿಯನ್ನು ಕೊನೆಗಿಟ್ಟುಕೊಳ್ಳಿ, ಅದು ಕಷ್ಟದ್ದು. 'ಮ್ಯಾನ್ ಆಫ್ ಮಾರ್ಬಲ್' ಚಿತ್ರದಿಂದ ಸೆನ್ಸಾರ್ ತೆಗೆಸಿದ ಸ್ಮಶಾನದ ದೃಶ್ಯ 1981ರ 'ಮ್ಯಾನ್ ಆಫ್ ಐರನ್' ಚಿತ್ರದಲ್ಲಿ ಬರುತ್ತದೆ; ಅಲ್ಲಿ ಗ್ದಾನ್ಸ್ಕ್ ಮುಷ್ಕರದ ನಿಜವಾದ ತುಣುಕುಗಳೂ ಕತೆಯೊಳಗೆ ಬೆರೆತಿವೆ, ಮುಷ್ಕರದ ನಾಯಕ ಲೆಖ್ ವಾಲೆನ್ಸಾ ತನ್ನದೇ ಪಾತ್ರದಲ್ಲಿ ಬಂದು ಮದುವೆಗೆ ಸಾಕ್ಷಿ ನಿಲ್ಲುತ್ತಾನೆ. ನಟನೆಯ ಸಾಲುಗಳನ್ನು ನೀಲಿ ಪೆನ್ನಿನಲ್ಲಿ, ದಾಖಲೆಯ ಸಾಲುಗಳನ್ನು ಕೆಂಪಿನಲ್ಲಿ ಬರೆಯುತ್ತ ಹೋಗಿ.